ಅಂಗೈ ಬೆವರಿಗೆ ಅಯಾಂಟೋಫೊರೆಸಿಸ್ ಯಂತ್ರ: ವರ್ಷಗಟ್ಟಲೆ ಬಳಸಿದ ಮೇಲೆ

ಕೆಲಸ ಮಾಡುತ್ತದೆ, ಆದರೆ ಬಿಡದೆ ಬಳಸುವವರಿಗೆ ಮಾತ್ರ. ಅಂಗೈ ಸದಾ ಒದ್ದೆಯಾಗಿರುವ ಹೈಪರ್‌ಹೈಡ್ರೋಸಿಸ್ (ಅತಿಯಾಗಿ ಬೆವರುವ ತೊಂದರೆ) ಇರುವವರು ಈ ಯಂತ್ರ ಕೊಳ್ಳುವ ಮೊದಲು ತಿಳಿಯಬೇಕಾದದ್ದು ಇಷ್ಟೇ.

ಯಂತ್ರವೆಂದರೆ ನಲ್ಲಿ ನೀರಿನ ಎರಡು ತಟ್ಟೆಗಳು, ತಳದಲ್ಲಿ ಲೋಹದ ಹಲಗೆ, ಹಲಗೆಯ ಮೇಲೊಂದು ಹೊದಿಕೆ. ಒಂದೊಂದರಲ್ಲಿ ಒಂದೊಂದು ಕೈ ಇಟ್ಟರೆ 15ರಿಂದ 20 ಮಿಲಿಆಂಪಿಯರ್ ವಿದ್ಯುತ್ ಅಂಗೈಗಳ ಮೂಲಕ ಹರಿಯುತ್ತದೆ. ಒಂದು ಸರದಿಗೆ 20ರಿಂದ 30 ನಿಮಿಷ. ಮೊದಲ ಕೆಲವು ವಾರ, ವಾರಕ್ಕೆ ಮೂರು ನಾಲ್ಕು ಬಾರಿ. ಕೈ ಒಣಗಿದ ಮೇಲೆ ವಾರಕ್ಕೊಮ್ಮೆ ಸಾಕು. ಬೆವರಿನ ಗ್ರಂಥಿಗಳು ಇದರಿಂದ ನಾಶವಾಗುವುದಿಲ್ಲ. ಹಾಗಾಗಿ ನಿಲ್ಲಿಸಿದರೆ ಬೆವರು ಮರಳುತ್ತದೆ. ಬೆವರನ್ನು ಅದು ತಡೆಯುವುದು ಹೇಗೆ ಎಂಬುದರಲ್ಲಿ ಸಂಶೋಧಕರಿಗೇ ಒಮ್ಮತವಿಲ್ಲ.

ಜುಮ್ಮೆನ್ನುವ ಅನುಭವಕ್ಕೆ ಒಗ್ಗಿಕೊಳ್ಳಬಹುದು. ಕಿರಿಕಿರಿಯಾಗುವುದು ನೀರಿನ ಗೆರೆ ಮುಟ್ಟುವ ಮಣಿಕಟ್ಟಿನ ಬಳಿ. ಅಲ್ಲಿ ಚರ್ಮ ಕೆಂಪಾಗುತ್ತದೆ. ಅಲ್ಲಿಗೂ ಸಣ್ಣ ಗಾಯಗಳಿಗೂ ಮೊದಲೇ ವ್ಯಾಸಲೀನ್ ಹಚ್ಚಿ. ಉಂಗುರ, ಬಳೆ ತೆಗೆದಿಡಿ. ವಿದ್ಯುತ್ ಹರಿಯುತ್ತಿರುವಾಗ ಕೈಯನ್ನು ಥಟ್ಟನೆ ಎತ್ತಬೇಡಿ, ಶಾಕ್ ಹೊಡೆಯುತ್ತದೆ. ನನ್ನ ಯಂತ್ರದ ಕೈಪಿಡಿಯಲ್ಲಿ ಇದಕ್ಕೆ ಅರ್ಧ ಸಾಲೂ ಇರಲಿಲ್ಲ, ಅದು ಕ್ಷಮಿಸುವಂಥದ್ದಲ್ಲ. ಧ್ರುವ ಬದಲಾಯಿಸುವ ಸ್ವಿಚ್ ಇರುವ ಯಂತ್ರವನ್ನೇ ಆರಿಸಿ. ಏಕೆಂದರೆ ಧನಧ್ರುವದ ಕಡೆಯ ಕೈ ಬೇಗ ಒಣಗುತ್ತದೆ.

ಫಲಿತಾಂಶವನ್ನು ಮನಸ್ಸಿನ ಅಂದಾಜಿಗೆ ಬಿಡಬೇಡಿ. ಚಿಕಿತ್ಸಾ ಸಂಶೋಧನೆಯಲ್ಲಿ ನಾಲ್ಕು ಹಂತದ ಒಂದು ಮಾಪಕ ಬಳಸುತ್ತಾರೆ: ಬೆವರು ಗಮನಕ್ಕೇ ಬಾರದಿದ್ದರೆ 1, ಸಹಿಸಲಾಗದೆ ನಿತ್ಯದ ಕೆಲಸಕ್ಕೆ ಸದಾ ಅಡ್ಡಿಯಾದರೆ 4. ಶೋಧಕ ಕಾಗದವನ್ನು ಚರ್ಮದ ಮೇಲಿಟ್ಟು, ಹೀರಿದ ಬೆವರನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗುವುದೂ ಉಂಟು. ಮನೆಯಲ್ಲಿ ತೂಗಲಾಗದು, ಆದರೆ ಅಂಕ ಬರೆದಿಡಬಹುದು. ನನ್ನದು 4ರಿಂದ 2ಕ್ಕೆ ಇಳಿಯಿತು, 1 ಮಾತ್ರ ಎಂದೂ ಆಗಲಿಲ್ಲ. ಪರೀಕ್ಷೆಯ ಉತ್ತರ ಪತ್ರಿಕೆ ಒದ್ದೆಯಾಗುವ ಭಯದಲ್ಲಿ ಬೆಳೆದವರಿಗೆ ಈ ಎರಡು ಅಂಕದ ಬೆಲೆ ಗೊತ್ತು.

ಈ ಚಿಕಿತ್ಸೆಯ ಮೇಲಿನ ಪ್ರಯೋಗಗಳು ಬಹುಪಾಲು ಸಣ್ಣವು. ವಿದ್ಯುತ್ ಹರಿಯುತ್ತಿರುವುದು ಕೈಗೇ ತಿಳಿಯುವುದರಿಂದ, ನಿಜ ಚಿಕಿತ್ಸೆಯನ್ನೂ ತೋರಿಕೆಯದನ್ನೂ ರೋಗಿಗೆ ಗೊತ್ತಾಗದಂತೆ ನೀಡುವುದು ಕಷ್ಟ. ಆದರೂ ದೊಡ್ಡ, ದೀರ್ಘ ಅಧ್ಯಯನಗಳು ಬೇಕೇ ಬೇಕು. ಏಕೆಂದರೆ ಬಳಸುವವರು ವರ್ಷಗಟ್ಟಲೆ ಬಳಸುತ್ತಾರೆ. ಅತ್ತ ಹಚ್ಚುವ ಔಷಧಗಳು ಮುಂದೆ ಸಾಗಿವೆ. ಕಂಕುಳಿಗೆ ಸೋಫ್‌ಪಿರೋನಿಯಂ ಜೆಲ್‌ಗೆ 2020ರಲ್ಲಿ ಜಪಾನ್, 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿವೆ. ಅಂಗೈಗೇ ಮೀಸಲಾದ ಆಕ್ಸಿಬ್ಯುಟಿನಿನ್ ಲೋಷನ್‌ಗೆ ಜಪಾನಿನಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು. ಇವೆರಡೂ ಗ್ರಂಥಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನು ತಡೆಯುತ್ತವೆ. ಬಾಯಿ ಒಣಗುವಂಥ ಅಡ್ಡಪರಿಣಾಮಗಳೂ ಇವೆ.

ನರ ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಹೊರಟವರು ಮೊದಲು ಈ ಯಂತ್ರವನ್ನು ಪ್ರಯತ್ನಿಸಲಿ ಎಂಬುದು ನನ್ನ ಬಲವಾದ ಅಭಿಪ್ರಾಯ. ಆ ಶಸ್ತ್ರಚಿಕಿತ್ಸೆಯ ನಂತರ ಬೆನ್ನು, ಹೊಟ್ಟೆ, ತೊಡೆಗಳಲ್ಲಿ ಹೊಸದಾಗಿ ಬೆವರು ಹೆಚ್ಚುವುದು ಸಾಮಾನ್ಯ, ಅದನ್ನು ಹಿಂದಿರುಗಿಸುವುದು ಕಷ್ಟ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಕೈತೋಳುಗಳ ಒಳಗೆ ಲೋಹದ ಪಟ್ಟಿ ಹಾಕಿಸಿಕೊಂಡವರು ಯಂತ್ರವನ್ನು ಮುಟ್ಟಬಾರದು. ಪಾದಗಳಿಗೆ ಇದೇ ಯಂತ್ರ ಸಾಕು. ಕಂಕುಳಿಗೆ ಸ್ಪಂಜಿನ ಪ್ಯಾಡ್ ಕೊಡುತ್ತಾರೆ, ನನಗೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ.