ಟ್ಯಾಂಕಿಗೆ ಬಾಟ್ಲಿಯಾ, ಥ್ರಾಟಲ್‌ಗೆ ಬ್ರಷ್ಶಾ? ನಮ್ಮ ಕಾರಿನ ಮೇಲೆ ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟ್ಲಿಗಿಂತ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ತೊಳೆದ ಹಳೇ ಹಲ್ಲುಜ್ಜುವ ಬ್ರಷ್ಶು, ಒಂದು ಸ್ಪ್ರೇ ಡಬ್ಬಿ ನನಗೆ ಜಾಸ್ತಿ ಕೆಲಸಕ್ಕೆ ಬಂದವು. ಆದರೆ ಈ ಮಾತಿಗೆ ಬರುವಷ್ಟರಲ್ಲಿ ಎರಡು ಬಾಟ್ಲಿ, ಮೂರು ಟ್ಯಾಂಕ್ ದುಬಾರಿ ಪೆಟ್ರೋಲ್, ಒಂದು ಮಷಿನ್ ಸರ್ವಿಸ್‌ಗೆ ದುಡ್ಡು ಸುರಿದಿದ್ದೆ. ಇದೇ ತೊಂದರೆ ಇರುವವರಿಗೆ ಆ ಖರ್ಚು ಉಳಿಯಲಿ ಎಂದು ಬರೆಯುತ್ತಿದ್ದೇನೆ.

ಕಾರು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ದಾವಣಗೆರೆಯ ವಿದ್ಯಾನಗರದಲ್ಲಿ ಮನೆ, ಪಿ.ಜೆ. ಬಡಾವಣೆಯಲ್ಲಿ ಆಫೀಸು. ಹೋಗಿ ಬರುವ ದಾರಿ ಎಷ್ಟು ಸಣ್ಣದೆಂದರೆ ಎಂಜಿನ್ ಸರಿಯಾಗಿ ಬಿಸಿ ಆಗುವಷ್ಟರಲ್ಲಿ ಗಾಡಿ ನಿಲ್ಲಿಸಿರುತ್ತೇನೆ. ತಿಂಗಳಿಗೊಮ್ಮೆ ಭರಮಸಾಗರದ ಹತ್ತಿರದ ನಮ್ಮೂರಿಗೆ ಹೋದಾಗ ಮಾತ್ರ ಹೈವೇ ಓಟ. ಎಂಜಿನ್ ಒಳಗೆ ಮಸಿ ಕೂರುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಬೇಡ.

ತೊಂದರೆ ಶುರುವಾಗಿದ್ದು ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ. ಜಯದೇವ ವೃತ್ತದ ಹತ್ತಿರ ಎಸಿ ಹಾಕಿಕೊಂಡು ನಿಂತರೆ ಸ್ಟೇರಿಂಗ್ ನಡುಗುತ್ತಿತ್ತು. ಎಂಜಿನ್ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು 800ರಿಂದ 500ಕ್ಕೆ ಇಳಿದು ಮತ್ತೆ ಹತ್ತುತ್ತಿತ್ತು. ಎರಡು ಸಲ ಗಾಡಿ ಆಫ್ ಆಗಿಯೇ ಹೋಯಿತು. ಸಿಟಿಯಲ್ಲಿ ಮೈಲೇಜು ಲೀಟರಿಗೆ 12.4. ಪ್ರತಿ ಸಲ ಅದೇ ಬಂಕು, ಅದೇ ಪಂಪು, ನಾಝಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ ಲೆಕ್ಕ ಹಾಕಿದ್ದು. ಟೈರಿನ ಗಾಳಿಯನ್ನು ಕೊನೆಯವರೆಗೂ ಒಂದೇ ಅಳತೆಯಲ್ಲಿ ಇಟ್ಟಿದ್ದೆ. ಇಲ್ಲದಿದ್ದರೆ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ.

ಮೊದಲು ತಂದಿದ್ದು ಸ್ಪೇರ್ ಪಾರ್ಟ್ಸ್ ಅಂಗಡಿಯ 350 ರೂಪಾಯಿ ಬಾಟ್ಲಿ. ಲೇಬಲ್ ಮೇಲೆ ಒಳಗೆ ಏನಿದೆ ಎಂದು ಬರೆದಿರಲಿಲ್ಲ. ಒಂದು ಟ್ಯಾಂಕ್ ಓಡಿಸಿದ ಮೇಲೆ ಮೈಲೇಜು 12.3. ನಡುಕವೂ ಹಾಗೇ ಇತ್ತು.

ಎರಡನೆಯದು 800 ರೂಪಾಯಿ ಚಿಲ್ಲರೆಯದು. ಇದರ ಮೇಲೆ ಪಿಇಎ, ಅಂದರೆ ಪಾಲಿಈಥರ್ ಅಮೀನ್ ಇದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಬಾಟ್ಲಿ ಕೊಳ್ಳಲೇಬೇಕು ಅನ್ನುವವರು ಹುಡುಕಬೇಕಾದ ಹೆಸರು ಇದೇ. ಎಂಜಿನ್ ಒಳಗಿನ ಬಿಸಿಯನ್ನು ತಡೆದುಕೊಂಡು ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಮೂತಿ), ವಾಲ್ವ್, ಪಿಸ್ಟನ್ ತಲೆಯ ಮೇಲಿನ ಮಸಿಯನ್ನು ಸಡಿಲ ಮಾಡುವ ಗುಣ ಇದಕ್ಕಿದೆ. ಹಾಗಾಗಿ ಬಾಟ್ಲಿಗಳೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಇದನ್ನು ಸರಿಯಾಗಿ ಬಳಸುವುದೇ ನನಗೆ ದೊಡ್ಡ ತಲೆನೋವಾಯಿತು.

ಒಂದು ಬಾಟ್ಲಿ ಒಂದು ಫುಲ್ ಟ್ಯಾಂಕಿಗೆ. ಮೊದಲು ಬಾಟ್ಲಿ ಸುರಿದು, ಅದರ ಮೇಲೆ ಪೆಟ್ರೋಲ್ ತುಂಬಿಸಬೇಕು, ಚೆನ್ನಾಗಿ ಬೆರೆಯಲಿ ಎಂದು. ಆಮೇಲೆ ಟ್ಯಾಂಕ್ ಹೆಚ್ಚುಕಡಿಮೆ ಖಾಲಿ ಆಗುವವರೆಗೆ ಮತ್ತೆ ತುಂಬಿಸಬಾರದು. ಓದಲು ಸುಲಭ. ಆದರೆ ಮೈಲೇಜು ಅಳೆಯುವಾಗ, ಹಬ್ಬಕ್ಕೆ ಊರಿಗೆ ಹೋಗುವಾಗ ಬಿಟ್ಟರೆ ನಾನು ಫುಲ್ ಟ್ಯಾಂಕ್ ಹಾಕಿಸುವವನಲ್ಲ. ನನ್ನ ಲೆಕ್ಕ ಏನಿದ್ದರೂ ಐನೂರು ಇಲ್ಲ ಸಾವಿರ ರೂಪಾಯಿ. ಸಂಬಳದಲ್ಲಿ ಮನೆ ನಡೆಸುವ ಎಷ್ಟೋ ಜನರ ಅಭ್ಯಾಸ ಇದೇ ಅಲ್ವಾ? 35 ಲೀಟರ್ ಟ್ಯಾಂಕು ಫುಲ್ ಮಾಡಿಸಬೇಕೆಂದರೆ ಒಂದೇ ಏಟಿಗೆ ಮೂರೂವರೆ ಸಾವಿರದ ಮೇಲೆ. ಐದು ಲೀಟರಿಗೆ ಇಡೀ ಬಾಟ್ಲಿ ಸುರಿದರೆ ಪೆಟ್ರೋಲಿನಲ್ಲಿ ಕ್ಲೀನರ್ ಪ್ರಮಾಣ ವಿಪರೀತ ಹೆಚ್ಚಾಗುತ್ತದೆ, ಹಳೇ ಗಾಡಿಯ ರಬ್ಬರ್ ಭಾಗಗಳಿಗೆ ಅದು ಒಳ್ಳೆಯದಲ್ಲ. ಸ್ವಲ್ಪ ಸ್ವಲ್ಪ ಹಾಕೋಣವೆಂದರೆ ಅಳತೆಯೇ ಸಿಗುವುದಿಲ್ಲ. ಕೊನೆಗೆ ಸಂಬಳ ಬರುವ ದಿನಕ್ಕೆ ಕಾಯಬೇಕಾಯಿತು.

ಆ ದಿನ ಬಂಕಿನಲ್ಲಿ ಮುಚ್ಚಳ ತೆಗೆದು ಬಾಟ್ಲಿ ಬಗ್ಗಿಸಿದೆ. ಟ್ಯಾಂಕಿನ ಬಾಯೊಳಗೆ ಒಂದು ಸ್ಪ್ರಿಂಗ್ ಮುಚ್ಚಳ ಇರುತ್ತದೆ, ನಾಝಲ್ ತಳ್ಳಿದರೆ ತೆರೆಯುವಂಥದ್ದು. ಬಾಟ್ಲಿಯ ಕತ್ತು ಗಿಡ್ಡ, ಅದನ್ನು ತಳ್ಳುವಷ್ಟು ಒಳಗೆ ಹೋಗಲಿಲ್ಲ. ಸುರಿದದ್ದು ತಿರುಗಿ ಹೊರಗೆ ಬಂದು ಗಾಡಿಯ ಮೈಮೇಲೆ ಇಳಿಯಿತು. ಬಂಕಿನ ಹುಡುಗ, "ಸರ, ಸ್ವಲ್ಪ ಬೇಗ ಮಾಡ್ರಿ, ಹಿಂದೆ ಗಾಡಿ ನಿಂತಾವೆ" ಎನ್ನುತ್ತಿದ್ದ. ಗಡಿಬಿಡಿಯಲ್ಲಿ ಒರೆಸುವುದು ತಡವಾಯಿತು. ಅಂಗೈಯಗಲ ಜಾಗದಲ್ಲಿ ಪೇಂಟಿನ ಹೊಳಪು ಹೋಯಿತು. ಪಾಲಿಷ್ ಹಾಕಿ ತಿಕ್ಕಿದರೂ ಬಿಸಿಲಲ್ಲಿ ಇವತ್ತಿಗೂ ಕಾಣುತ್ತದೆ. ಕಾಲು ಭಾಗ ಔಷಧಿಯೂ ಹಾಳು. ನೀವು ಬಳಸುವುದಿದ್ದರೆ ಉದ್ದ ಮೂತಿಯ ಲಾಳಿಕೆ ಇಟ್ಟುಕೊಳ್ಳಿ. ಟ್ಯಾಂಕ್ ಬಾಯಿಯ ಸುತ್ತ ಒದ್ದೆ ಬಟ್ಟೆ ಹಾಸಿ, ಮನೆಯಲ್ಲೇ ಸುರಿದುಕೊಂಡು ನೇರವಾಗಿ ಹತ್ತಿರದ ಬಂಕಿಗೆ ಹೋಗಿ. ಇದರಲ್ಲಿ ಸ್ವಲ್ಪ ಎಂಜಿನ್ ಆಯಿಲ್‌ಗೂ ಸೇರುತ್ತದೆ, ಹಾಗಾಗಿ ಆಯಿಲ್ ಬದಲಾಯಿಸುವ ಮುಂಚಿನ ಟ್ಯಾಂಕಿಗೆ ಹಾಕುವುದು ಒಳ್ಳೆಯದು.

ಫಲ? ಮೈಲೇಜು 12.9. ಹೈವೇಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸ್ವಲ್ಪ ನಯವಾಗಿ ಎಳೆಯುತ್ತಿತ್ತು. ಐಡಲ್ ನಡುಕ ಮಾತ್ರ ಹೋಗಲಿಲ್ಲ.

ಆಮೇಲೆ ಮೂರು ಟ್ಯಾಂಕ್ 95 ಆಕ್ಟೇನ್ ಪೆಟ್ರೋಲ್. 12.6. ಆಕ್ಟೇನ್ ಜಾಸ್ತಿ ಅಂದರೆ ಕೊಳೆ ತೊಳೆಯುವ ಶಕ್ತಿ ಜಾಸ್ತಿ ಎಂದಲ್ಲ. ಸಿಲಿಂಡರಿನಲ್ಲಿ ಒತ್ತಡಕ್ಕೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯದಂತೆ ತಡೆಯುವ ಗುಣ ಅದು. 91ಕ್ಕೆ ಮಾಡಿದ ಎಂಜಿನ್‌ಗೆ 95 ಹಾಕಿದರೆ ಸುಮ್ನೆ ದುಡ್ಡು ಹೆಚ್ಚು.

ನಂತರ ಒಂದು ಗ್ಯಾರೇಜಿನವರು ಮಷಿನ್ ಹಚ್ಚಿ ಇಂಜೆಕ್ಟರ್ ಕ್ಲೀನಿಂಗ್ ಮಾಡಿದರು. ಪೆಟ್ರೋಲ್ ಪೈಪ್ ಬಿಚ್ಚಿ, ಪೆಟ್ರೋಲ್ ಬದಲು ಕ್ಲೀನರ್ ಮೇಲೇ ಎಂಜಿನ್ ಓಡಿಸುವ ವಿಧಾನ. 1,800 ರೂಪಾಯಿ. ಮೈಲೇಜು ಮೂರು ಏರುತ್ತದೆ ಎಂದಿದ್ದರು. ಏರಲಿಲ್ಲ, 12.8ರಲ್ಲೇ ನಿಂತಿತು. ನಡುಕವೂ ನಿಲ್ಲಲಿಲ್ಲ. ಇಂಜೆಕ್ಟರ್ ಬಿಚ್ಚಿ ಬೆಂಚಿನ ಮೇಲಿಟ್ಟು ಸ್ಪ್ರೇ ನೋಡಿ ತೊಳೆಯುವುದು ಬೇರೆಯೇ ಕೆಲಸ. ಇಂಜೆಕ್ಟರ್ ನಿಜವಾಗಿ ಕಟ್ಟಿದ್ದರೆ ಅದೇ ಸರಿ.

ಇಷ್ಟೆಲ್ಲ ಆದ ಮೇಲೆ ಪಿ.ಬಿ. ರಸ್ತೆ ಕಡೆ ಸಣ್ಣ ಶೆಡ್ ಇಟ್ಟುಕೊಂಡಿರುವ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ಏರ್ ಫಿಲ್ಟರ್ ಡಬ್ಬಿಯಿಂದ ಬರುವ ದಪ್ಪ ಪೈಪು ಬಿಚ್ಚಿ, ಥ್ರಾಟಲ್ ಬಾಡಿಯೊಳಗೆ ಟಾರ್ಚ್ ಬಿಟ್ಟರು. ಗಾಳಿ ಬಿಡುವ ತಟ್ಟೆಯ ಅಂಚಿಗೆ ಸುತ್ತಲೂ ಕರಿ ಜಿಡ್ಡು, ದೋಸೆ ಕಾವಲಿಯ ಅಂಚಿಗೆ ಹತ್ತಿದ ಕಿಟ್ಟದ ಹಾಗೆ. "ನೋಡ್ರಿ ಸರ, ಕೊಳೆ ಇರೋದು ಗಾಳಿ ದಾರಿಯಾಗೆ. ನೀವು ಔಷಧಿ ಹಾಕಿದ್ದು ಪೆಟ್ರೋಲ್ ದಾರಿಗೆ" ಎಂದರು.

ನಾನು ಆರು ತಿಂಗಳು ಅರ್ಥ ಮಾಡಿಕೊಳ್ಳದ ವಿಷಯ ಇದೇ. ನಮ್ಮ ಥರದ ಎಂಜಿನ್‌ನಲ್ಲಿ ಇಂಜೆಕ್ಟರ್ ಇರುವುದು ಥ್ರಾಟಲ್ ದಾಟಿದ ಮೇಲೆ, ವಾಲ್ವಿನ ಹತ್ತಿರ. ಥ್ರಾಟಲ್ ಮೂಲಕ ಹೋಗುವುದು ಗಾಳಿ ಮಾತ್ರ. ಎಂಜಿನ್ ಒಳಗಿನ ಆಯಿಲ್ ಆವಿಯನ್ನು ಪೈಪಿನಲ್ಲಿ ಮತ್ತೆ ಗಾಳಿ ದಾರಿಗೇ ಬಿಟ್ಟಿರುತ್ತಾರೆ. ಆ ಜಿಡ್ಡಿಗೆ ಧೂಳು ಮೆತ್ತಿ ತಟ್ಟೆಯ ಸುತ್ತ ಗಟ್ಟಿಯಾಗುತ್ತದೆ. ಐಡಲ್‌ನಲ್ಲಿ ಗಾಳಿ ನುಸುಳುವುದು ಕೂದಲೆಳೆಯಷ್ಟು ಸಂದಿಯಲ್ಲಿ. ಅದು ಮುಚ್ಚಿದರೆ ಎಂಜಿನ್ ನಡುಗದೆ ಏನು ಮಾಡುತ್ತದೆ? ಪೆಟ್ರೋಲ್ ಮುಟ್ಟದ ಜಾಗವನ್ನು ಪೆಟ್ರೋಲಿಗೆ ಬೆರೆಸಿದ ಔಷಧಿ ಎಷ್ಟು ಒಳ್ಳೆಯದಾದರೂ ತೊಳೆಯಲಾರದು.

ಎಂಜಿನ್ ಆಫ್ ಮಾಡಿ, ಥ್ರಾಟಲ್ ಕ್ಲೀನರ್ ಸ್ಪ್ರೇಯನ್ನು ಬಟ್ಟೆಗೆ, ಬ್ರಷ್ಶಿಗೆ ಹಾಕಿ ತಿಕ್ಕಿದರು. ಹತ್ತಿರದ ಸೆನ್ಸರ್ ಮುಟ್ಟಲಿಲ್ಲ. ನಮ್ಮದು ಕೇಬಲ್ ಥ್ರಾಟಲ್, ತಟ್ಟೆಯನ್ನು ಕೈಯಲ್ಲಿ ತೆರೆಯಬಹುದು. ಮೋಟಾರ್ ಇರುವ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಬೆರಳಲ್ಲಿ ಒತ್ತಿ ತೆರೆಯಬೇಡಿ, ಒಳಗಿನ ಗಿಯರ್ ಹೋದರೆ ಖರ್ಚು ದೊಡ್ಡದು. ಐಡಲ್‌ನಲ್ಲಿ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಐಡಲ್ ವಾಲ್ವನ್ನೂ ಬಿಚ್ಚಿ ತೊಳೆದರು. ಅದರ ಜೊತೆಗೆ ನಾಲ್ಕು ಹೊಸ ಸ್ಪಾರ್ಕ್ ಪ್ಲಗ್, ಒಂದು ಏರ್ ಫಿಲ್ಟರ್. ಸ್ಪ್ರೇ, ಕೂಲಿ ಎಲ್ಲ ಸೇರಿ 1,450 ರೂಪಾಯಿ.

ಎರಡು ದಿನ ಐಡಲ್ 1,200ರ ಹತ್ತಿರ ನಿಂತು ಗಾಬರಿಯಾಯಿತು. ಕೊಳೆ ಇದ್ದಾಗ ಗಾಳಿ ಸಾಲದೆ ಎಂಜಿನ್ನಿನ ಕಂಪ್ಯೂಟರ್ ಐಡಲ್ ವಾಲ್ವನ್ನು ಜಾಸ್ತಿ ತೆರೆದಿಡುವುದನ್ನು ರೂಢಿ ಮಾಡಿಕೊಂಡಿರುತ್ತದೆ. ದಾರಿ ಸ್ವಚ್ಛವಾದ ಮೇಲೆ ಗಾಳಿ ಹೆಚ್ಚಾಗುತ್ತದೆ. ಓಡಿಸುತ್ತಾ ಹೋದ ಹಾಗೆ ತಾನೇ ಹೊಂದಿಕೊಂಡಿತು. ಈಗ ಎಸಿ ಹಾಕಿದರೂ ಮುಳ್ಳು ಅಲುಗುವುದಿಲ್ಲ. ಸಿಟಿ ಮೈಲೇಜು 14.1. ಇದರಲ್ಲಿ ಹಳೇ ಪ್ಲಗ್ ಹೋಗಿದ್ದರ ಪಾಲೂ ಇದೆ, ಹಿಂದಿನ ಪಿಇಎ ಬಾಟ್ಲಿಯ ಪಾಲೂ ಸ್ವಲ್ಪ ಇರಬಹುದು. ಆದರೆ ನಡುಕ ನಿಂತಿದ್ದು ಬ್ರಷ್ ಮುಟ್ಟಿದ ದಿನದಿಂದ.

ಈಗ ಎಥನಾಲ್ ಹೆಸರು ಹೇಳಿ ಬಾಟ್ಲಿ ಮಾರುವವರೂ ಇದ್ದಾರೆ. 2025ರ ಹೊತ್ತಿಗೆ ಪೆಟ್ರೋಲ್‌ನಲ್ಲಿ ಶೇ. 20 ಎಥನಾಲ್ ಬಂತು. ನಮ್ಮ ಕುಕ್ಕುವಾಡದ ಸಕ್ಕರೆ ಕಾರ್ಖಾನೆಯಲ್ಲೂ ಎಥನಾಲ್ ತಯಾರಾಗುತ್ತದೆ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಲೆಕ್ಕ ಹಾಕಿದರೆ, ಏನೂ ಬೆರೆಸದ ಪೆಟ್ರೋಲಿಗಿಂತ ಒಂದು ಲೀಟರಿನಲ್ಲಿ ಶೇ. 6–7ರಷ್ಟು ಶಕ್ತಿ ಕಡಿಮೆ. ಆ ಮೈಲೇಜನ್ನು ಯಾವ ಬಾಟ್ಲಿಯೂ ವಾಪಸ್ ತರುವುದಿಲ್ಲ.

ಡೀಸೆಲ್ ಗಾಡಿಯವರು ಬಾಟ್ಲಿಗೆ ಮುಂಚೆ ಡೀಸೆಲ್ ಫಿಲ್ಟರ್ ಬದಲಾಯಿಸಿ, ಅದರಲ್ಲಿನ ನೀರು ತೆಗೆಸಿ.

ನಮ್ಮ ಭಾವನವರದು ಹೊಸ ಟರ್ಬೊ ಕಾರು, ಡೈರೆಕ್ಟ್ ಇಂಜೆಕ್ಷನ್. ಪೆಟ್ರೋಲ್ ನೇರ ಸಿಲಿಂಡರಿಗೇ ಹೋಗುತ್ತದೆ. ಹಾಗಾಗಿ ಟ್ಯಾಂಕಿಗೆ ಏನು ಹಾಕಿದರೂ ಗಾಳಿ ಒಳಬರುವ ವಾಲ್ವಿನ ಹಿಂಬದಿಯ ಮಸಿಗೆ ತಾಗುವುದಿಲ್ಲ, ಇಂಜೆಕ್ಟರ್ ಮೂತಿಗೆ, ಪಿಸ್ಟನ್ ತಲೆಗೆ ಮಾತ್ರ ಪ್ರಯೋಜನ. ಅಂಗಡಿಯವರು ಹೇಳಿದರೆಂದು ಅವರು ಮೂರು ಬಾಟ್ಲಿ ತರಲು ಹೊರಟಿದ್ದರು. "ಒಂದು ಸಾಕು ಭಾವ" ಎಂದೆ.

ನಾನು ಇನ್ನು ಮುಂದೆ 20,000 ಕಿಲೋಮೀಟರಿಗೊಮ್ಮೆ ಥ್ರಾಟಲ್ ತೊಳೆಸುತ್ತೇನೆ. ಪಿಇಎ ಬಾಟ್ಲಿ ವರ್ಷಕ್ಕೆ ಒಂದೇ. ದೀಪಾವಳಿಗೆ ಊರಿಗೆ ಹೋಗುವಾಗ ಹೇಗೂ ಫುಲ್ ಟ್ಯಾಂಕ್ ಹಾಕಿಸುತ್ತೇನೆ, ಎಂಜಿನ್ ಹೈವೇಯಲ್ಲಿ ಚೆನ್ನಾಗಿ ಬಿಸಿಯಾಗುತ್ತದೆ. ವಾಪಸ್ ಬಂದ ವಾರ ಆಯಿಲ್ ಬದಲಾಯಿಸುವುದು. ಲಾಳಿಕೆ ಆಗಲೇ ತಂದು ಡಿಕ್ಕಿಯಲ್ಲಿ ಇಟ್ಟಿದ್ದೇನೆ.