ಕ್ರೋನೋಗ್ರಾಫ್ ಡಯಲ್: ಸಿದ್ಧ ಸರಕು, ಹಳೆಯದರ ನವೀಕರಣ, ಬೆಳ್ಳಿ ಹತ್ತಿಸಿದ ಹಿತ್ತಾಳೆ

ಹಳೆಯ ಚೆಹರೆಯ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಕೂಡ ಇರುವ) ಕೈಗಡಿಯಾರವನ್ನು ತಾವೇ ಜೋಡಿಸಲು ಹೊರಟವರಿಗೆ ಡಯಲ್ ದೊರಕಿಸಿಕೊಳ್ಳುವ ದಾರಿಗಳು ಮುಖ್ಯವಾಗಿ ಮೂರು. ಸಿದ್ಧ ಡಯಲ್ ಕೊಂಡು ಹಾಗೆಯೇ ಕೂರಿಸಬಹುದು. ಹಳೆಯ ಅಸಲಿ ಡಯಲನ್ನು ಹುಡುಕಿ ಹೊಸ ಲೇಪ, ಹೊಸ ಮುದ್ರಣ ಮಾಡಿಸಬಹುದು. ಇಲ್ಲವೇ ಸಿದ್ಧ ಡಯಲಿನ ಬಣ್ಣವನ್ನೆಲ್ಲ ಕಳಚಿ, ಬರಿಯ ಹಿತ್ತಾಳೆಗೆ ಬೆಳ್ಳಿ ಹತ್ತಿಸಿ, ಮುದ್ರಣವನ್ನಷ್ಟೇ ಬಲ್ಲವರ ಕೈಗೆ ಒಪ್ಪಿಸಬಹುದು. ಮೂರನ್ನೂ ಮಾಡಿ ನೋಡಿದ್ದೇನೆ. ಈಗ ಮಣಿಕಟ್ಟಿನ ಮೇಲಿರುವುದು ಮೂರನೆಯದು, ಮುಂದೆ ಮಾಡುವುದೂ ಅದನ್ನೇ.

ನನ್ನ ಜೋಡಣೆಗಳೆಲ್ಲ ಸೀಗಲ್ ಎಸ್‌ಟಿ19 ಯಂತ್ರದ ಮೇಲೆ ನಿಂತಿವೆ. ವೀನಸ್ 175 ಎಂಬ ಹಳೆಯ ಸ್ವಿಸ್ ಯಂತ್ರದ ವಂಶದ್ದು, ಕೈಯಿಂದ ಕೀಲಿ ಕೊಡಬೇಕಾದದ್ದು, ಕಾಲಮ್ ವೀಲ್ (ಸ್ಟಾಪ್‌ವಾಚಿನ ಓಟ, ನಿಲುಗಡೆಯನ್ನು ನಿಯಂತ್ರಿಸುವ ಚಕ್ರ) ಉಳ್ಳದ್ದು. ಸಣ್ಣ ಸೆಕೆಂಡು 9 ಗಂಟೆಯ ಜಾಗದಲ್ಲಿ, 30 ನಿಮಿಷದ ಎಣಿಕೆ 3 ಗಂಟೆಯ ಜಾಗದಲ್ಲಿ. ಹಳೆಯ ಕಾಲದ ಎರಡು ಕಣ್ಣಿನ, ಅಂದರೆ ಎರಡು ಪುಟ್ಟ ಡಯಲುಗಳ, ಮುಖ ಬೇಕೆನ್ನುವವರಿಗೆ ಇಷ್ಟು ಸಹಜವಾಗಿ ಒದಗುವ ಯಂತ್ರ ಹೊಸದರಲ್ಲಿ ಕಡಿಮೆ. ವಾಲ್ಜು 7750 ಗಟ್ಟಿಮುಟ್ಟಾದ ಯಂತ್ರವೇ, ಆದರೆ ಅದರ ಕಣ್ಣುಗಳು 12, 6, 9ರಲ್ಲಿವೆ. ಆ ಮುಖ 1970ರ ದಶಕದ್ದು, ನನಗೆ ಬೇಕಾದದ್ದು ಅದಕ್ಕಿಂತ ಹಿಂದಿನದು.

ಸಿದ್ಧ ಡಯಲಿನ ದೊಡ್ಡ ಗುಣವೆಂದರೆ ಅದು ಕೂರುತ್ತದೆ. ರಂಧ್ರಗಳು ಯಂತ್ರದ ಅಕ್ಷಗಳಿಗೆ ಸರಿಯಾಗಿ ಬರುತ್ತವೆ, ಹಿಂಬದಿಯ ಎರಡು ತಾಮ್ರದ ಕಾಲುಗಳು ತಮ್ಮ ಕುಳಿಗಳಿಗೆ ತಾವೇ ಇಳಿಯುತ್ತವೆ. ಇದನ್ನು ಹಗುರವಾಗಿ ಕಾಣಬಾರದು. ಕಾಲು ಮುರಿದ ಡಯಲನ್ನು ಅಂಟುಪಟ್ಟಿಯಿಂದ ಕೂರಿಸಿದವರಿಗೆ ಅದರ ಬೆಲೆ ಗೊತ್ತು. ದೋಷವಿರುವುದು ಮುಖದಲ್ಲಿ. ಬಣ್ಣ ದಪ್ಪ. ಪುಟ್ಟ ಡಯಲುಗಳೊಳಗೆ ಲೋಹದಲ್ಲಿ ಕೊರೆದ ಸುತ್ತುಗೆರೆಗಳು ಬಣ್ಣದಲ್ಲಿ ಮುಳುಗಿ, ಬೆಳಕು ಬಿದ್ದಾಗ ಹೊಳೆಯಬೇಕಾದ ಜಾಗ ಮಂಕಾಗಿರುತ್ತದೆ. ಕತ್ತಲಲ್ಲಿ ಹೊಳೆಯುವ ಲ್ಯೂಮ್ ಲೇಪಕ್ಕೆ ಮೊದಲ ದಿನದಿಂದಲೇ ಹಳದಿ ಬಣ್ಣ ಬಳಿದು ಐವತ್ತು ವರ್ಷದ ವಯಸ್ಸನ್ನು ಸುಳ್ಳಾಗಿ ಹೇರುವುದು ನನಗೆ ಹಿಡಿಸುವುದಿಲ್ಲ.

ಕೊಳ್ಳುವ ಮುನ್ನ ಟ್ಯಾಕಿಮೀಟರ್ ಅಳತೆಪಟ್ಟಿಯನ್ನು, ಅಂದರೆ ಒಂದು ಕಿಲೋಮೀಟರ್ ದಾಟಲು ಹಿಡಿದ ಸೆಕೆಂಡುಗಳಿಂದ ಗಂಟೆಯ ವೇಗ ಹೇಳುವ ಪಟ್ಟಿಯನ್ನು, ನೋಡಿ. 3600ನ್ನು ಸೆಕೆಂಡುಗಳಿಂದ ಭಾಗಿಸಿದರೆ ಬರುವ ಅಂಕಿಯೇ ಅಲ್ಲಿರಬೇಕು. ಹಾಗಾಗಿ 120 ಸರಿಯಾಗಿ 30 ಸೆಕೆಂಡಿನ ಎದುರು, 90 ಸರಿಯಾಗಿ 40ರ ಎದುರು, 80 ಸರಿಯಾಗಿ 45ರ ಎದುರು ಬರಬೇಕು. ಅಂದಕ್ಕೆಂದು ಅಂಕಿಗಳನ್ನು ಸಮದೂರದಲ್ಲಿ ಜೋಡಿಸಿದ ಡಯಲುಗಳು ಮಾರಾಟಕ್ಕಿವೆ. ಅಂಥ ಪಟ್ಟಿ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಸೆಕೆಂಡಿನ ಹೊರವರ್ತುಲವನ್ನೂ ಗಮನಿಸಿ. ಹಳೆಯ ಡಯಲುಗಳಲ್ಲಿ ಸೆಕೆಂಡನ್ನು ಐದು ಭಾಗ ಮಾಡಿರುವುದಕ್ಕೆ ಕಾರಣ ಆ ಯಂತ್ರಗಳು ಗಂಟೆಗೆ 18,000 ಬಾರಿ ಮಿಡಿಯುತ್ತಿದ್ದದ್ದು, ಅಂದರೆ ಸೆಕೆಂಡಿಗೆ ಐದು. ಎಸ್‌ಟಿ19 ಮಿಡಿಯುವುದು 21,600 ಬಾರಿ, ಸೆಕೆಂಡಿಗೆ ಆರು. ಐದರ ಗೆರೆಗಳ ಮೇಲೆ ಆರರ ಮುಳ್ಳು ನಿಂತಾಗ ಅದು ಹೆಚ್ಚಿನ ಸಲ ಯಾವ ಗೆರೆಯ ಮೇಲೂ ನಿಲ್ಲುವುದಿಲ್ಲ. ವಿಚಿತ್ರವೆಂದರೆ, ಐದರ ಗೆರೆಗಳಿಗೆ ನ್ಯಾಯ ಒದಗಿಸುವುದು ಸೀಕೋದ ಬ್ಯಾಟರಿ ಯಂತ್ರ ವಿಕೆ64. ಅದರ ಸ್ಟಾಪ್‌ವಾಚ್ ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಹಾಕುತ್ತದೆ. ಆದರೆ ಅದರ 3 ಗಂಟೆಯ ಕಣ್ಣು 24 ಗಂಟೆಗಳನ್ನು ತೋರಿಸುವಂಥದ್ದು, 30 ನಿಮಿಷದ ಹಳೆಯ ವಿನ್ಯಾಸ ಅಲ್ಲಿಗೆ ಒಗ್ಗುವುದಿಲ್ಲ.

ಇನ್ನು ಹಳೆಯ ಡಯಲಿನ ನವೀಕರಣ. ನನ್ನಲ್ಲಿರುವ ವೀನಸ್ 175ರ ಹಳೆಯ ಕೈಗಡಿಯಾರಕ್ಕೆಂದು ಕಲೆ ಕಟ್ಟಿದ ಡಯಲೊಂದನ್ನು ಕೊಂಡು, ನವೀಕರಣಕ್ಕೆ ಕಳುಹಿಸಿದ್ದೆ. ಬೆಳ್ಳಿಯ ಮೈ ಸೊಗಸಾಗಿ ಬಂತು. ಅಂಕಿಗಳು ಚೂಪಾಗಿದ್ದವು. ಮುಳ್ಳುಗಳನ್ನು ಕೂರಿಸಿದಾಗ 3 ಗಂಟೆಯ ಕಣ್ಣಿನಲ್ಲಿ ತೊಡಕು ಕಾಣಿಸಿತು. ಮುದ್ರಿತ ವೃತ್ತದ ನಡು ಒಂದು ಕಡೆ, ರಂಧ್ರದ ನಡು ಇನ್ನೊಂದು ಕಡೆ. ವೃತ್ತ ಬಲಕ್ಕೆ ಸರಿದಿತ್ತು, ಹೆಚ್ಚೆಂದರೆ 0.2 ಮಿಲಿಮೀಟರ್.

ಅಷ್ಟಕ್ಕೆ ಇಷ್ಟು ರಂಪವೇ ಎನ್ನುವವರು ಲೆಕ್ಕ ಹಾಕಿ ನೋಡಬೇಕು. ಪುಟ್ಟ ಡಯಲಿನ ತ್ರಿಜ್ಯ ಸುಮಾರು 4 ಮಿಲಿಮೀಟರ್. ಅಷ್ಟು ದೂರದಲ್ಲಿ 0.2ರ ಜಾರುವಿಕೆ ಎಂದರೆ ಹೆಚ್ಚುಕಡಿಮೆ 3 ಡಿಗ್ರಿ. 30 ನಿಮಿಷದ ಎಣಿಕೆಯಲ್ಲಿ ಒಂದು ನಿಮಿಷಕ್ಕೆ 12 ಡಿಗ್ರಿ, ಆದ್ದರಿಂದ ಇದು ಕಾಲು ನಿಮಿಷದ ತಪ್ಪು. ಮುಳ್ಳು ಸೊನ್ನೆಯಲ್ಲಿ ನೆಟ್ಟಗೆ ನಿಂತಾಗ ತುದಿ ಗೆರೆಯ ಎಡಕ್ಕೆ ಬೀಳುತ್ತದೆ. ಮುಳ್ಳನ್ನು ಕಿತ್ತು ಸೊನ್ನೆಗೆ ಹೊಂದಿಸಿ ಕೂರಿಸಿದರೆ ಮೇಲುಗಡೆಯ ತಪ್ಪು ಮಾಯವಾಗಿ, ಕೆಳಗೆ 15ರ ಬಳಿ ಅದೇ ಎರಡು ಪಟ್ಟು, ಅರ್ಧ ನಿಮಿಷವಾಗಿ ಎದ್ದು ನಿಲ್ಲುತ್ತದೆ. ಮುಳ್ಳನ್ನು ಹೇಗೆ ಕೂರಿಸಿದರೂ ಸರಿಹೋಗದ ದೋಷ ಇದು. ಕಣ್ಣಿಗೂ ನೆಮ್ಮದಿಯಿಲ್ಲ: ತುದಿ ಎಡಬದಿಯಲ್ಲಿ ವೃತ್ತವನ್ನು ದಾಟುತ್ತದೆ, ಬಲಬದಿಯಲ್ಲಿ ಮುಟ್ಟುವುದೇ ಇಲ್ಲ. ಒಮ್ಮೆ ಕಂಡ ಮೇಲೆ ಆ ಕೈಗಡಿಯಾರದಲ್ಲಿ ನನಗೆ ಬೇರೇನೂ ಕಾಣಿಸದಾಯಿತು.

ಭೂತಗನ್ನಡಿ ಹಿಡಿದು ನೋಡಿದಾಗ ಕಾರಣವೂ ಸಿಕ್ಕಿತು. ಕಲೆ ತೆಗೆಯಲು ಮೈಯನ್ನು ಉಜ್ಜಿದಾಗ ಪುಟ್ಟ ಡಯಲಿನ ಹಳೆಯ ಸುತ್ತುಗೆರೆಗಳು ಅರ್ಧ ಸವೆದಿದ್ದವು. ಆದರೂ ಉಳಿದ ಗೆರೆಗಳು ರಂಧ್ರವನ್ನೇ ನಡುವಾಗಿಟ್ಟುಕೊಂಡಿದ್ದವು. ಅವುಗಳ ಮೇಲೆ ಬಿದ್ದ ಕಪ್ಪು ವೃತ್ತ ಒಂದು ಬದಿಯಲ್ಲಿ ಒಂದು ಗೆರೆಯನ್ನೂ ಎದುರು ಬದಿಯಲ್ಲಿ ಇನ್ನೊಂದನ್ನೂ ಕತ್ತರಿಸುತ್ತಿತ್ತು. ಅಂದರೆ ಮುದ್ರಣದ ಅಚ್ಚು ಈ ಡಯಲಿಗೆಂದು ಕೆತ್ತಿದ್ದಲ್ಲ, ಕೈಗೆ ಸಿಕ್ಕ ಹತ್ತಿರದ ಅಳತೆಯದು. ಬರಿಯ ಗಂಟೆ ತೋರಿಸುವ ಡಯಲಿಗೆ ಒಂದೇ ನಡು ಇರುವುದರಿಂದ ಹಾಗೆ ಮಾಡಿದರೂ ನಡೆದೀತು. ಕ್ರೋನೋಗ್ರಾಫಿಗೆ ಮೂರು ನಡುಗಳಿವೆ, ಮೂರೂ ಒಟ್ಟಿಗೆ ಸರಿ ಬೀಳಬೇಕು. ದೂರಿದಾಗ ಬಂದ ಉತ್ತರ: ಇಷ್ಟು ವ್ಯತ್ಯಾಸ ಸಾಮಾನ್ಯ. ಹಣವೂ ಹೋಯಿತು, ಹಳೆಯ ಡಯಲಿನ ಅಸಲಿ ಮುದ್ರಣವೂ ಹೋಯಿತು. ಎರಡನೆಯದು ಎಷ್ಟು ಕೊಟ್ಟರೂ ಮರಳುವುದಿಲ್ಲ.

ಹಳೆಯ ಡಯಲುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. 1960ರ ದಶಕಕ್ಕೆ ಮುಂಚಿನ ಹೊಳೆಯುವ ಅಂಕಿಗಳಲ್ಲಿ ರೇಡಿಯಂ ಇರಬಹುದು. ಕತ್ತಲಲ್ಲಿ ಹೊಳೆಯುತ್ತಿಲ್ಲವೆಂದು ನಿಶ್ಚಿಂತರಾಗಬೇಡಿ: ಸತ್ತಿರುವುದು ಹೊಳೆಯುವ ಸತುವಿನ ಸಲ್ಫೈಡ್, ರೇಡಿಯಂ ಅಲ್ಲ. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1,600 ವರ್ಷ. ಕೆರೆದರೆ ಅದರ ಪುಡಿ ಉಸಿರಿನೊಂದಿಗೆ ಒಳಗೆ ಹೋಗುತ್ತದೆ. ಅಂಥ ಡಯಲನ್ನು ಮನೆಯ ಮೇಜಿನ ಮೇಲೆ ಮುಟ್ಟಲೇಬಾರದು.

ಬೇರೆ ದಾರಿಗಳೂ ಇಲ್ಲದಿಲ್ಲ. ನೀರಿನಲ್ಲಿ ನೆನೆಸಿ ಅಂಟಿಸುವ ಮುದ್ರಿತ ಪೊರೆ, ಅಂದರೆ ಡೆಕಾಲ್, ಅಗ್ಗ, ಆದರೆ ಅದರ ಪೊರೆಯ ಅಂಚು ಓರೆ ಬೆಳಕಿನಲ್ಲಿ ಕಾಣುತ್ತದೆ. ಕಾರ್ಖಾನೆಯಿಂದಲೇ ಹೊಸದಾಗಿ ಮಾಡಿಸುವುದು ಒಂದೆರಡು ಬೇಕಾದವರಿಗಲ್ಲ.

ನನ್ನ ದಾರಿಗೆ ಬರುತ್ತೇನೆ. ಬಣ್ಣ ಬಳಿದ, ಅಂಕಿಗಳನ್ನು ಅಂಟಿಸದೆ ಮುದ್ರಿಸಿರುವ, ಪುಟ್ಟ ಡಯಲುಗಳು ಹೆಚ್ಚು ಆಳವಿಲ್ಲದ ಸಿದ್ಧ ಡಯಲೇ ಇದಕ್ಕೆ ತಕ್ಕದ್ದು. ಅದರ ಮುಖ ಎಷ್ಟೇ ಕೆಟ್ಟದಾಗಿದ್ದರೂ ಚಿಂತೆಯಿಲ್ಲ. ನಮಗೆ ಬೇಕಾದದ್ದು ಅದರ ಲೋಹ, ರಂಧ್ರ, ಕಾಲು. ಅಸಿಟೋನಿನಲ್ಲಿ ನೆನೆಸಿದರೆ ಬಣ್ಣ ಸಡಿಲವಾಗಿ, ಮೃದು ಕುಂಚಕ್ಕೆ ಸುಲಿದು ಬರುತ್ತದೆ. ಮುಳುಗಿಹೋಗಿದ್ದ ಸುತ್ತುಗೆರೆಗಳು ಹಿತ್ತಾಳೆಯಲ್ಲಿ ಗರಿಗರಿಯಾಗಿ ಕಾಣಿಸಿಕೊಳ್ಳುವುದು ಈ ಕೆಲಸದಲ್ಲೇ ನನಗೆ ಅತ್ಯಂತ ಖುಷಿ ಕೊಡುವ ಗಳಿಗೆ. ಬಣ್ಣದ ಕೆಳಗೆ ಬೇರೆ ಲೋಹದ ಲೇಪವಿದ್ದರೆ ಆ ಡಯಲ್ ಬೇಡ. ಬರಿಯ ಹಿತ್ತಾಳೆಯಲ್ಲದೆ ಇಲ್ಲಿ ನಡೆಯದು, ಲೇಪವನ್ನು ಉಜ್ಜಿ ತೆಗೆಯಹೋದರೆ ಸುತ್ತುಗೆರೆಗಳೂ ಹೋಗುತ್ತವೆ.

ಬೆಳ್ಳಿ ಹತ್ತಿಸುವ ಕ್ರಮ ಗೋಡೆ ಗಡಿಯಾರಗಳ ಹಿತ್ತಾಳೆ ಡಯಲುಗಳಿಗೆ ಬಹಳ ಹಿಂದಿನಿಂದ ಬಳಕೆಯಲ್ಲಿರುವಂಥದ್ದು. ಬೆಳ್ಳಿಯ ಕ್ಲೋರೈಡ್, ಉಪ್ಪು, ಕ್ರೀಮ್ ಆಫ್ ಟಾರ್ಟರ್ (ಅಡುಗೆಯಲ್ಲೂ ಬಳಸುವ ಹುಳಿ ಪುಡಿ) ಸೇರಿಸಿ ಕಲಸಿದ ಪೇಸ್ಟನ್ನು ಒದ್ದೆ ಹತ್ತಿಬಟ್ಟೆಯಲ್ಲಿ ತೆಗೆದುಕೊಂಡು ವೃತ್ತಾಕಾರವಾಗಿ ತಿಕ್ಕಬೇಕು. ವಿದ್ಯುತ್ ಬೇಡ, ತೊಟ್ಟಿ ಬೇಡ. ಹಿತ್ತಾಳೆ ಮೊದಲು ಬೂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಬರಿಯ ಕ್ರೀಮ್ ಆಫ್ ಟಾರ್ಟರ್ ಮತ್ತು ನೀರಿನಿಂದ ತಿಕ್ಕಿದಾಗ ಆ ಬೂದು ತಿಳಿಯಾಗಿ ಹಾಲುಬಿಳುಪು ಏರುತ್ತದೆ. ಹೊಳಪಿಲ್ಲದ, ಕೊಂಚ ಬೆಚ್ಚನೆಯ ಆ ಬಿಳುಪನ್ನು ಯಾವ ಬೆಳ್ಳಿಬಣ್ಣದ ಡಬ್ಬಿಯೂ ಕೊಡಲಾರದು. ಬೆರಳು ಎಲ್ಲಾದರೂ ತಾಗಿದ್ದರೆ ಆ ಗುರುತು ಇಲ್ಲೇ ಹೊರಬೀಳುತ್ತದೆ, ಮತ್ತೆ ಮೊದಲಿನಿಂದ ತಿಕ್ಕಬೇಕು. ತೊಳೆದು ಒಣಗಿಸಿದೊಡನೆ ತೆಳುವಾದ ಲ್ಯಾಕರ್ ಹೊಡೆಯಬೇಕು, ತಡವಾದರೆ ಬೆಳ್ಳಿ ಕಪ್ಪಿಡುತ್ತದೆ.

ಮುದ್ರಣ ಪ್ಯಾಡ್ ಪ್ರಿಂಟಿಂಗ್ ಬಲ್ಲವರ ಕೆಲಸ. ಲೋಹದ ತಟ್ಟೆಯಲ್ಲಿ ಕೆತ್ತಿದ ವಿನ್ಯಾಸದಲ್ಲಿ ಶಾಯಿ ತುಂಬಿ, ಸಿಲಿಕೋನ್ ಗುಬುಟು ಅದನ್ನು ಎತ್ತಿ ಡಯಲಿನ ಮೇಲೆ ಒತ್ತುತ್ತದೆ. ಅಚ್ಚಿನ ಅಳತೆಯನ್ನು ಮಾತ್ರ ನಾನೇ ಕೊಡುತ್ತೇನೆ, ಅದನ್ನು ಯಾರಿಗೂ ಬಿಡುವುದಿಲ್ಲ. ಎರಡು ರಂಧ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಒಮ್ಮೆ, ಒಳ ಅಂಚಿನಿಂದ ಒಳ ಅಂಚಿಗೆ ಒಮ್ಮೆ ಕ್ಯಾಲಿಪರ್‌ನಿಂದ ಅಳೆದು, ಎರಡರ ಸರಾಸರಿ ತೆಗೆದರೆ ನಡುವಿನಿಂದ ನಡುವಿಗಿರುವ ದೂರ ಸಿಗುತ್ತದೆ. ಹೊರವರ್ತುಲ ಮತ್ತು ಎರಡು ಪುಟ್ಟ ವೃತ್ತಗಳು ಒಂದೇ ತಟ್ಟೆಯಲ್ಲಿ, ಒಂದೇ ಒತ್ತಿನಲ್ಲಿ ಬರಬೇಕೆಂದು ಷರತ್ತು ಹಾಕುತ್ತೇನೆ. ಬಿಡಿಬಿಡಿಯಾಗಿ ಒತ್ತಿದರೆ ಜಾರುವ ಅವಕಾಶವೂ ಅಷ್ಟು ಸಲ. ಆಳವಾದ ಪುಟ್ಟ ಡಯಲ್ ಬೇಡವೆಂದದ್ದು ಇದಕ್ಕೇ: ಗುಬುಟು ಗುಳಿಗೆ ಇಳಿಯುವಾಗ ಹಿಗ್ಗಿ ವೃತ್ತವನ್ನು ಸೊಟ್ಟ ಮಾಡುತ್ತದೆ. ಹೀಗೆ ಬಂದ ನನ್ನ ಡಯಲಿನಲ್ಲಿ ಎರಡೂ ಮುಳ್ಳುಗಳು ಸುತ್ತಲೂ ವೃತ್ತವನ್ನು ಒಂದೇ ಸಮನೆ ಮುಟ್ಟುತ್ತವೆ.

ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಹೊಸ ಡಯಲಿನ ಮೇಲೆ ಹಳೆಯ ಸಂಸ್ಥೆಯ ಹೆಸರು ಒತ್ತಿಕೊಡುವವರಿದ್ದಾರೆ. ಅದು ನಕಲಿ ಮಾಲು, ನಾಳೆ ಇನ್ನೊಬ್ಬರ ಕೈಗೆ ಅಸಲಿಯೆಂದೇ ಹೋಗುತ್ತದೆ.

ಖರ್ಚಿನ ಮಾತು. ಸಿದ್ಧ ಡಯಲ್ ಎಲ್ಲಕ್ಕಿಂತ ಅಗ್ಗ. ನನ್ನ ದಾರಿಯಲ್ಲಿ ದುಡ್ಡು ಹೋಗುವುದು ಅಚ್ಚಿಗೆ, ಡಯಲಿಗಲ್ಲ. ಒಂದು ಒತ್ತಿಸಿದರೂ ಐದು ಒತ್ತಿಸಿದರೂ ಅಚ್ಚು ಒಂದೇ ಆದ್ದರಿಂದ ನಾಲ್ಕಾರು ಡಯಲುಗಳನ್ನು ಒಟ್ಟಿಗೆ ಸಿದ್ಧಪಡಿಸುತ್ತೇನೆ, ಗೆಳೆಯರೊಂದಿಗೆ ಹಂಚಿಕೊಳ್ಳುತ್ತೇನೆ. ಕೈಗಡಿಯಾರವನ್ನು ದಿನವೂ ಧರಿಸಿ, ಗುಂಡಿಗಳನ್ನು ನಿಜಕ್ಕೂ ಒತ್ತಿ ಸಮಯ ಅಳೆಯುವವನು ನಾನು, ಆದ್ದರಿಂದ ಓದಲು ಬರುವ ಮುಖ ನನಗೆ ಮೊದಲು ಬೇಕು. ಕೆಟ್ಟರೆ ಇನ್ನೊಂದಕ್ಕೆ ಅದೇ ಅಚ್ಚು ಸಿದ್ಧವಿದೆ ಎಂಬ ಧೈರ್ಯವೂ ಬೇಕು. ಬೆಳ್ಳಿ ತಿಕ್ಕುವ ತಾಳ್ಮೆ ಇಲ್ಲದವರು ಅಳತೆಪಟ್ಟಿ ಸರಿಯಿರುವ ಸಿದ್ಧ ಡಯಲನ್ನು ಹುಡುಕಿ ತೃಪ್ತರಾಗಬಹುದು. ಕಲೆ ಕಟ್ಟಿದ ಹಳೆಯ ಡಯಲ್ ಉಳ್ಳವರು ಅದನ್ನು ಇದ್ದ ಹಾಗೆಯೇ ಉಳಿಸಿಕೊಳ್ಳಲಿ, ಅಳಿಸಲು ಯಾರಿಗೂ ಕೊಡದಿರಲಿ.

ನನ್ನ ಮುಂದಿನ ಅಚ್ಚಿಗೆ ಚಿತ್ರ ಸಿದ್ಧವಾಗಿದೆ: ಸೆಕೆಂಡಿಗೆ ಆರು ಗೆರೆಗಳ ಹೊರವರ್ತುಲ, ಅದರ ಸುತ್ತ 30 ಬಡಿತಗಳ ನಾಡಿಮಾಪಕ, ಅಂದರೆ ನಾಡಿಯ 30 ಬಡಿತಕ್ಕೆ ಹಿಡಿದ ಸೆಕೆಂಡುಗಳ ಎದುರು ನಿಮಿಷದ ಬಡಿತವನ್ನು ಹೇಳುವ ಪಟ್ಟಿ. 20 ಸೆಕೆಂಡಿನ ಎದುರು 90, 30ರ ಎದುರು 60.