ಫೈಬರ್ ಇಂಟರ್ನೆಟ್ ಅಂತ ದುಡ್ಡು ತಗೊಂಡು ಡಿಶ್ ಛತ್ರಿ ಹಾಕಿ ಹೋದರು, ಹುಷಾರು

ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಹಳ್ಳಿಯವರು ಇದನ್ನ ಪೂರ್ತಿ ಓದಿ. ನನ್ನದು ನಾಲ್ಕೂವರೆ ಸಾವಿರ ಹೋಯಿತು. ಅದಕ್ಕಿಂತ ಜಾಸ್ತಿ, ಮರ್ಯಾದೆ ಹೋಯಿತು. ಪಕ್ಕದ ಎರಡು ಮನೆಯವರಿಗೂ ಹಾಕಿಸಿಕೊಳ್ಳಿ ಅಂತ ಹೇಳಿದವನು ನಾನೇ.

ಏಪ್ರಿಲ್‌ನಲ್ಲಿ ಏಜೆಂಟ್ ಬಂದಿದ್ದ. ಪಂಚಾಯ್ತಿಗೆ ಭಾರತ್‌ನೆಟ್ (ಹಳ್ಳಿಗಳಿಗೆ ಇಂಟರ್ನೆಟ್ ಕೊಡೋ ಸರ್ಕಾರದ ಯೋಜನೆ) ಕೇಬಲ್ ಬಂದಿದೆಯಲ್ಲ, ಅಲ್ಲಿಂದಲೇ ಎಳೀತೀವಿ, 50 ಎಂಬಿಪಿಎಸ್ ಸ್ಪೀಡ್ ಗ್ಯಾರಂಟಿ ಅಂದ. 2011ರಲ್ಲಿ ಮಂಜೂರಾದ ಯೋಜನೆ, ಅಂತೂ ನಮ್ಮ ಓಣಿಗೂ ಬಂತು ಅಂತ ನನಗೆ ಖುಷಿ ಬೇರೆ. ಅವನ ಸ್ವಂತ ನಂಬರಿಗೆ ಫೋನ್‌ಪೇ ಮಾಡಿದೆ. ಬಿಳಿ ಚೀಟಿ ಮೇಲೆ ರಶೀದಿ, ಜಿಎಸ್‌ಟಿ ನಂಬರ್ ಇಲ್ಲ. ಆಗಲೇ ತಲೆ ಓಡಬೇಕಿತ್ತು. ಓಡಲಿಲ್ಲ.

ಹತ್ತು ದಿನ ಚೆನ್ನಾಗಿತ್ತು. ಆಮೇಲೆ ಸಂಜೆ ಏಳಾದರೆ ಸಾಕು, ಸುಮ್ನೆ ಚಕ್ರ ತಿರುಗೋದು. ಸ್ಪೀಡ್ ನೋಡಿದರೆ 1.4. ಸರ್ಕಾರದ ಲೆಕ್ಕದಲ್ಲೇ 2023ರಿಂದ 2 ಎಂಬಿಪಿಎಸ್‌ಗಿಂತ ಕಡಿಮೆ ಇದ್ದರೆ ಅದು ಬ್ರಾಡ್‌ಬ್ಯಾಂಡೇ ಅಲ್ಲ. ಫೋನ್ ಮಾಡಿದಾಗೆಲ್ಲ ಒಂದೇ ಉತ್ತರ: "ನಾಳಿ ಹುಡುಗನ್ನ ಕಳಸ್ತೇನ್ರಿ ಸರ." ಆ ನಾಳೆ ಬರಲೇ ಇಲ್ಲ.

ಮಿರಗದ ಮಳೆ ಬಿದ್ದ ದಿನ ನೆಟ್ ಪೂರ್ತಿ ಸತ್ತಿತು. ಕೇಳಿದರೆ, "ಮಳಿ ಬಂದ್ರ ಸಿಗ್ನಲ್ ಹೊಕ್ಕೇತಿ ಸರ, ನಾವೇನ್ ಮಾಡೂನು?" ಅಂದ. ಫೋನ್ ಹಿಡಿದು ಹಾಗೇ ನಿಂತೆ. ಫೈಬರ್‌ನಲ್ಲಿ ಗಾಜಿನ ಎಳೆಯೊಳಗೆ ಬೆಳಕು ಹೋಗುತ್ತದೆ. ಅದಕ್ಕೆಂಥ ಸಿಗ್ನಲ್, ಅದಕ್ಕೆಂಥ ಮಳೆ? ಮಳೆ ನಿಂತ ಮೇಲೆ ಟಾರ್ಚ್ ಹಿಡಿದು ವೈರಿನ ಹಿಂದೆ ಹೋದೆ. ಪಂಚಾಯ್ತಿ ಕಡೆ ಅದು ತಿರುಗಲೇ ಇಲ್ಲ. ನಾಲ್ಕು ಮಾಳಿಗೆ ದಾಟಿ ಗೊಬ್ಬರದ ಅಂಗಡಿ ಮೇಲೆ ಒಂದು ಸಣ್ಣ ಛತ್ರಿ, ಗಾಳಿಯಲ್ಲಿ ಸಿಗ್ನಲ್ ಹಿಡಿಯೋ ಡಿಶ್. ಕೆಳಗೆ ಪ್ಲಾಸ್ಟಿಕ್ ಡಬ್ಬಿ. ಅದರಿಂದ ಹನ್ನೊಂದು ವೈರು, ಎಣಿಸಿದೆ. ನಮ್ಮದು ನೀಲಿ. ಕಂಪ್ಯೂಟರಿಗೆ ಚುಚ್ಚುವ ಸಾದಾ ಲ್ಯಾನ್ ವೈರು!

"ಇದು ಫೈಬರ್ ಹೆಂಗಾಗ್ತದ?" ಅಂತ ಏಜೆಂಟನನ್ನ ಕೇಳಿದೆ.

"ಸರ, ಫೈಬರ್ ಅನ್ನೂದು ಪ್ಲಾನಿನ ಹೆಸರ್ರಿ."

ಪ್ಲಾನಿನ ಹೆಸರಂತೆ! ಡಿಪಾಸಿಟ್ ವಾಪಸ್ ಕೊಡು ಅಂದರೆ, "ಅದು ಫಿಟ್ಟಿಂಗ್ ಚಾರ್ಜ್ರಿ." ಚೀಟಿ ಮೇಲೆ ಡಿಪಾಸಿಟ್ ಅಂತ ಬರೆದವನು ಅವನೇ. ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಮನೆಯೊಳಗೆ ಹಾಕೋ ನೆಟ್ ಡಬ್ಬಿ ನೋಡಿ ದುಡ್ಡು ಕೊಡಿ. ಫೈಬರ್ ಆದರೆ ಅದರ ಮೇಲೆ ಪಿಓಎನ್ (PON) ಅನ್ನೋ ದೀಪ ಇರುತ್ತದೆ, ಚುಚ್ಚೋದು ಸಾಮಾನ್ಯವಾಗಿ ಸಣ್ಣ ಹಳದಿ ವೈರು. ಏಜೆಂಟನ ಸ್ವಂತ ನಂಬರಿಗೆ ಒಂದು ಪೈಸೆ ಹಾಕಬೇಡಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ನೋಡೋಣ. ಪಕ್ಕದ ಮನೆಯವರು ನಿನ್ನೆಯೂ ಕಟ್ಟೆ ಮೇಲೆ ಕೂತು ಕೇಳಿದರು, "ಸರ, ನೆಟ್ ಹೆಂಗೈತ್ರಿ?"